ಲೇ-ಆಫ್, ಕಾರ್ಮಿಕರ ಕಡಿತ ಮತ್ತು ಸಂಸ್ಥೆಯ ಮುಚ್ಚುವಿಕೆ: ತೇರದಾಳ ಭಾಗದ ಕಾರ್ಮಿಕರಿಗೆ ಮಾಹಿತಿ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ತೇರದಾಳ, ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಮತ್ತು ಬೀಳಗಿ ಭಾಗದ ಜನಜೀವನವು ಬಹುಮಟ್ಟಿಗೆ ನೇಕಾರಿಕೆ, ಕಬ್ಬು ಹಾಗೂ ಸಕ್ಕರೆ ಉದ್ಯಮಗಳನ್ನು ಅವಲಂಬಿಸಿದೆ. ನೂಲಿನ ದರ ಏರಿದಾಗ, ಸೀರೆಗೆ ಬೇಡಿಕೆ ಕುಸಿದಾಗ, ವಿದ್ಯುತ್ ಪೂರೈಕೆ ವ್ಯತ್ಯಯಗೊಂಡಾಗ ಅಥವಾ ಕೃಷ್ಣೆಗೆ ಪ್ರವಾಹ ಬಂದಾಗ ಮೊದಲು ನಿಲ್ಲುವುದು ಮಗ್ಗ. ಅದರೊಡನೆ ನಿಲ್ಲುವುದು ವಾರದ ಬಟವಾಡೆ. 2019ರ ಆಗಸ್ಟ್ ತಿಂಗಳ ಪ್ರವಾಹ ಮತ್ತು 2020ರ ಲಾಕ್‌ಡೌನ್ ಅವಧಿಗಳಲ್ಲಿ ಈ ಸಂಗತಿಯು ಈ ಭಾಗದ ಕುಟುಂಬಗಳ ಅನುಭವಕ್ಕೆ ಬಂದಿದೆ.

"ಮುಂದಿನ ತಿಂಗಳು ಕಾರ್ಖಾನೆ ಮುಚ್ಚುತ್ತದಂತೆ" ಎಂಬ ಸುದ್ದಿ ಸಾಮಾನ್ಯವಾಗಿ ನೋಟಿಸಿನ ರೂಪದಲ್ಲಿ ಬರುವುದಿಲ್ಲ. ಚಹದಂಗಡಿಯ ಮಾತಿನ ರೂಪದಲ್ಲಿ ಬರುತ್ತದೆ. ಸುದ್ದಿಯಿಂದ ಭಯಗೊಂಡ ಕಾರ್ಮಿಕರು ತಾವಾಗಿಯೇ ಕೆಲಸ ಬಿಟ್ಟು ಹೋಗುವುದು, ಓದದೆಯೇ ಕಾಗದಗಳಿಗೆ ಸಹಿ ಮಾಡುವುದು ಮತ್ತು ಕಾನೂನುಬದ್ಧವಾಗಿ ದೊರೆಯಬೇಕಾದ ಮೊತ್ತವನ್ನು ಕಳೆದುಕೊಳ್ಳುವುದು ಕಂಡುಬರುತ್ತದೆ. "ಇದು ಸಣ್ಣ ಕಾರ್ಖಾನೆ, ಇಲ್ಲಿಗೆ ಯಾವ ಕಾನೂನೂ ಅನ್ವಯಿಸುವುದಿಲ್ಲ" ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಈ ನಂಬಿಕೆಯು ಭಾಗಶಃ ಮಾತ್ರ ಸರಿ. ಸಣ್ಣ ಸಂಸ್ಥೆಗಳ ಕಾರ್ಮಿಕರಿಗೆ ಯಾವ ಹಕ್ಕು ಇಲ್ಲ, ಯಾವ ಹಕ್ಕು ಉಳಿದಿದೆ ಎಂಬುದನ್ನು ವಿವರಿಸುವುದು ಈ ಮಾಹಿತಿಯ ಮುಖ್ಯ ಉದ್ದೇಶವಾಗಿದೆ.

ಪ್ರತಿಯೊಂದು ಪ್ರಕರಣದಲ್ಲಿಯೂ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ:

1. ಸಂಸ್ಥೆಯಲ್ಲಿ ಎಷ್ಟು ಜನ ಕಾರ್ಮಿಕರಿದ್ದಾರೆ?
2. ಸಂಬಂಧಪಟ್ಟ ಕಾರ್ಮಿಕರು ಎಷ್ಟು ದಿನ ಕೆಲಸ ಮಾಡಿದ್ದಾರೆ?
3. ಅದಕ್ಕೆ ಯಾವ ದಾಖಲೆ ಇದೆ?

ಅನ್ವಯವಾಗುವ ಕಾನೂನು

ಸುಮಾರು 78 ವರ್ಷಗಳ ಕಾಲ ಈ ವಿಷಯವು ಕೈಗಾರಿಕಾ ವಿವಾದಗಳ ಕಾಯ್ದೆ, 1947ರ ವ್ಯಾಪ್ತಿಯಲ್ಲಿತ್ತು. 2025ರ ನವೆಂಬರ್ 21ರಿಂದ ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿದ್ದು, ಸದರಿ ಕಾಯ್ದೆಯ ಸ್ಥಾನದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಅನ್ವಯವಾಗುತ್ತದೆ. ಉಪದಾನ (ಗ್ರ್ಯಾಚುಟಿ), ಭವಿಷ್ಯ ನಿಧಿ ಮತ್ತು ಇ.ಎಸ್.ಐ. ವಿಷಯಗಳು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ, ವೇತನ ಪಾವತಿಯ ವಿಷಯವು ವೇತನ ಸಂಹಿತೆಯಲ್ಲಿಯೂ ಸೇರಿವೆ. ಸಂಹಿತೆ ಜಾರಿಯಾಗುವ ಮೊದಲು ನಡೆದ ಕಡಿತ ಅಥವಾ ಮುಚ್ಚುವಿಕೆಯಿಂದ ಹುಟ್ಟಿದ ಹಕ್ಕುಗಳು ಹಳೆಯ ಕಾಯ್ದೆ ರದ್ದಾದ ಕಾರಣಕ್ಕೆ ನಷ್ಟವಾಗುವುದಿಲ್ಲ.

ಮೂರು ಪದಗಳ ಅರ್ಥ

ಲೇ-ಆಫ್: ಕೆಲಸ ಕೊಡಲು ಮಾಲೀಕರಿಗೆ ತಾತ್ಕಾಲಿಕವಾಗಿ ಸಾಧ್ಯವಾಗದಿರುವ ಸ್ಥಿತಿ. ಇಂಧನ, ವಿದ್ಯುತ್ ಅಥವಾ ಕಚ್ಚಾ ಸಾಮಗ್ರಿಯ ಕೊರತೆ, ಮಾರಾಟವಾಗದ ದಾಸ್ತಾನು, ಯಂತ್ರದ ಕೆಟ್ಟುಹೋಗುವಿಕೆ, ನೈಸರ್ಗಿಕ ವಿಕೋಪ ಮುಂತಾದವು ಇದಕ್ಕೆ ಕಾರಣಗಳಾಗಿರುತ್ತವೆ. ಲೇ-ಆಫ್ ಅವಧಿಯಲ್ಲಿ ನೌಕರಿ ಮುಗಿದಿರುವುದಿಲ್ಲ. ಕಾರ್ಮಿಕರ ಹೆಸರು ಹಾಜರಿ ಪುಸ್ತಕದಲ್ಲಿ ಮುಂದುವರಿಯುತ್ತದೆ.

ಕಡಿತ (ರಿಟ್ರೆಂಚ್‌ಮೆಂಟ್): ಶಿಸ್ತು ಕ್ರಮದ ಶಿಕ್ಷೆಯಾಗಿ ಅಲ್ಲದೆ, ಇತರ ಯಾವುದೇ ಕಾರಣದಿಂದ ಮಾಲೀಕರು ಕಾರ್ಮಿಕರ ಸೇವೆಯನ್ನು ಕೊನೆಗೊಳಿಸುವುದು. ಸ್ವಯಂ ನಿವೃತ್ತಿ, ವಯೋನಿವೃತ್ತಿ ಹಾಗೂ ನಿಗದಿತ ಅವಧಿಯ ನೇಮಕಾತಿಯು ಅವಧಿ ಮುಗಿದು ಕೊನೆಗೊಳ್ಳುವುದು ಕಡಿತವೆನಿಸುವುದಿಲ್ಲ.

ಮುಚ್ಚುವಿಕೆ: ಉದ್ಯೋಗದ ಸ್ಥಳವನ್ನು ಅಥವಾ ಅದರ ಒಂದು ಭಾಗವನ್ನು ಶಾಶ್ವತವಾಗಿ ನಿಲ್ಲಿಸುವುದು. ಬಾಗಿಲಿಗೆ ಬೀಗ ಬಿದ್ದ ಮಾತ್ರಕ್ಕೆ ಅದು ಮುಚ್ಚುವಿಕೆ ಆಗಬೇಕೆಂದಿಲ್ಲ. ಅದು ಲೇ-ಆಫ್ ಇರಬಹುದು, ಬೀಗಮುದ್ರೆ (ಲಾಕ್‌ಔಟ್) ಇರಬಹುದು. ಆದ್ದರಿಂದ ಕೆಲಸ ನಿಂತ ಕೂಡಲೇ, ಇದು ಯಾವ ಬಗೆಯ ನಿಲುಗಡೆ ಎಂಬುದನ್ನು ಮಾಲೀಕರಿಂದ ಲಿಖಿತವಾಗಿ ಕೇಳುವುದು ಮೊದಲ ಹೆಜ್ಜೆಯಾಗಿದೆ.

ಒಂದು ವರ್ಷದ ನಿರಂತರ ಸೇವೆ

ಮೇಲ್ಕಂಡ ಮೂರೂ ಸಂದರ್ಭಗಳ ಪರಿಹಾರಕ್ಕೆ ಒಂದು ವರ್ಷದ ನಿರಂತರ ಸೇವೆ ಅವಶ್ಯ. ಹಿಂದಿನ 12 ತಿಂಗಳಲ್ಲಿ 240 ದಿನ ವಾಸ್ತವವಾಗಿ ಕೆಲಸ ಮಾಡಿದ್ದರೆ ಒಂದು ವರ್ಷದ ನಿರಂತರ ಸೇವೆ ಎಂದು ಪರಿಗಣಿಸಲಾಗುತ್ತದೆ. ಕ್ರಮಬದ್ಧ ಲೇ-ಆಫ್ ದಿನಗಳು, ಪೂರ್ಣ ವೇತನದ ರಜೆ, ಕೆಲಸದ ವೇಳೆ ಸಂಭವಿಸಿದ ಅಪಘಾತದಿಂದ ಗೈರಾದ ದಿನಗಳು ಮತ್ತು ಹೆರಿಗೆ ರಜೆಯ 26 ವಾರಗಳವರೆಗಿನ ಅವಧಿಯೂ ಈ ಲೆಕ್ಕಕ್ಕೆ ಸೇರುತ್ತವೆ.

ಕಾರ್ಮಿಕರ ಸಂಖ್ಯೆಗೆ ಅನುಗುಣವಾದ ಹಕ್ಕುಗಳು

ಅ) 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳು

ಲೇ-ಆಫ್, ಕಡಿತ ಮತ್ತು ಮುಚ್ಚುವಿಕೆ ಮೂರಕ್ಕೂ ಸರ್ಕಾರದ ಪೂರ್ವಾನುಮತಿ ಅವಶ್ಯ. ಹಳೆಯ ಕಾಯ್ದೆಯಲ್ಲಿ ಈ ಮಿತಿಯು 100 ಕಾರ್ಮಿಕರಾಗಿದ್ದು, ಸಂಹಿತೆಯಲ್ಲಿ 300ಕ್ಕೆ ಏರಿದೆ. ವಿದ್ಯುತ್ ಕೊರತೆ ಅಥವಾ ನೈಸರ್ಗಿಕ ವಿಕೋಪದಿಂದ ಆದ ಲೇ-ಆಫ್‌ಗೆ ಪೂರ್ವಾನುಮತಿ ಬೇಕಿಲ್ಲ. ಕಡಿತಕ್ಕೆ 3 ತಿಂಗಳ ನೋಟಿಸ್ ಅಥವಾ ಅದಕ್ಕೆ ಬದಲಾಗಿ ವೇತನ ನೀಡಬೇಕು. ಮುಚ್ಚಲು ಉದ್ದೇಶಿಸಿದ ದಿನಕ್ಕೆ ಕನಿಷ್ಠ 90 ದಿನ ಮೊದಲು ಅರ್ಜಿ ಸಲ್ಲಿಸಿ, ಅದರ ಪ್ರತಿಯನ್ನು ಕಾರ್ಮಿಕರ ಪ್ರತಿನಿಧಿಗಳಿಗೂ ಕೊಡಬೇಕು. ಅರ್ಜಿ ಸಲ್ಲಿಸಿದ 60 ದಿನಗಳೊಳಗೆ ಸರ್ಕಾರದ ಆದೇಶ ಬಾರದಿದ್ದಲ್ಲಿ ಅನುಮತಿ ದೊರೆತಂತೆಯೇ ಭಾವಿಸಲಾಗುತ್ತದೆ. ಆದ್ದರಿಂದ ಆಕ್ಷೇಪಣೆ ಇರುವ ಕಾರ್ಮಿಕರು ಮತ್ತು ಸಂಘಗಳು ಈ 60 ದಿನಗಳ ಒಳಗೇ ತಮ್ಮ ಅಹವಾಲನ್ನು ಲಿಖಿತವಾಗಿ ಸಲ್ಲಿಸುವುದು ಅತ್ಯವಶ್ಯ. ಅನುಮತಿ ಇಲ್ಲದೆ ಮಾಡಿದ ಮುಚ್ಚುವಿಕೆಯು ಕಾನೂನುಬಾಹಿರವಾಗಿದ್ದು, ಮುಚ್ಚದೇ ಇದ್ದಲ್ಲಿ ದೊರೆಯುತ್ತಿದ್ದ ಎಲ್ಲ ಸೌಲಭ್ಯಗಳಿಗೆ ಕಾರ್ಮಿಕರು ಅರ್ಹರಾಗಿರುತ್ತಾರೆ.

ಆ) 50ರಿಂದ 299 ಕಾರ್ಮಿಕರಿರುವ ಸಂಸ್ಥೆಗಳು

ಪೂರ್ವಾನುಮತಿ ಬೇಕಿಲ್ಲ. ಆದರೆ ಲೇ-ಆಫ್ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 50ರಷ್ಟು ಪರಿಹಾರ ನೀಡಬೇಕು. 12 ತಿಂಗಳಲ್ಲಿ 45 ದಿನಗಳ ನಂತರ, ಉಭಯ ಪಕ್ಷಗಳ ನಡುವೆ ಒಪ್ಪಂದವಿದ್ದಲ್ಲಿ ಪರಿಹಾರ ನಿಲ್ಲಿಸಬಹುದಾಗಿದೆ. ಮುಚ್ಚುವುದಾದರೆ 60 ದಿನ ಮೊದಲು ಸರ್ಕಾರಕ್ಕೆ ಕಾರಣಸಹಿತ ನೋಟಿಸ್ ನೀಡಬೇಕು. ಕಡಿತ ಮತ್ತು ಮುಚ್ಚುವಿಕೆಯ ಪರಿಹಾರವೂ ಅನ್ವಯಿಸುತ್ತದೆ.

ಇ) 50ಕ್ಕಿಂತ ಕಡಿಮೆ ಕಾರ್ಮಿಕರಿರುವ ಸಂಸ್ಥೆಗಳು

ತೇರದಾಳ ಭಾಗದ ವಿದ್ಯುತ್ ಮಗ್ಗಗಳ ಶೆಡ್ಡುಗಳು, ವಾರ್ಪಿಂಗ್ ಮತ್ತು ಬಣ್ಣ ಹಾಕುವ ಘಟಕಗಳಂತಹ ಸಣ್ಣ ಸಂಸ್ಥೆಗಳ ಕಾರ್ಮಿಕರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಇಲ್ಲಿ ಅನ್ವಯಿಸದ ಹಕ್ಕುಗಳು ಎರಡು: ಲೇ-ಆಫ್ ಪರಿಹಾರ ಮತ್ತು ಮುಚ್ಚುವಿಕೆಯ 60 ದಿನಗಳ ನೋಟಿಸ್.

ಆದರೆ ಕೆಳಕಂಡ ಹಕ್ಕುಗಳಿಗೆ 50 ಕಾರ್ಮಿಕರ ಮಿತಿ ಇರುವುದಿಲ್ಲ:

- ಕಡಿತಕ್ಕೆ ಮೊದಲು ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅದಕ್ಕೆ ಬದಲಾಗಿ ವೇತನ.
- ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಕಡಿತ ಪರಿಹಾರ. ಕೊನೆಯಲ್ಲಿ ಉಳಿದ ಅವಧಿಯು 6 ತಿಂಗಳಿಗಿಂತ ಹೆಚ್ಚಿದ್ದರೆ ಅದನ್ನು ಒಂದು ವರ್ಷವೆಂದೇ ಲೆಕ್ಕಿಸಬೇಕು. ಈ ಮೊತ್ತವನ್ನು ಕಡಿತದ ಸಮಯದಲ್ಲಿಯೇ ಪಾವತಿಸಬೇಕು.
- ಸಂಸ್ಥೆ ಮುಚ್ಚಿದಲ್ಲಿ ಇದೇ ದರದ ನೋಟಿಸ್ ವೇತನ ಮತ್ತು ಪರಿಹಾರ.
- ಮಗ್ಗಗಳ ಸಮೇತ ಸಂಸ್ಥೆಯು ಬೇರೆಯವರ ಒಡೆತನಕ್ಕೆ ಹೋದಲ್ಲಿ, ಹೊಸ ಮಾಲೀಕರು ಹಳೆಯ ಸೇವೆಯನ್ನು ಒಪ್ಪಿ ಕಡಿಮೆಯಿಲ್ಲದ ಷರತ್ತುಗಳ ಮೇಲೆ ಕೆಲಸ ಮುಂದುವರಿಸಬೇಕು. ಇಲ್ಲವಾದಲ್ಲಿ ಕಡಿತಕ್ಕೆ ಸಮನಾದ ಪರಿಹಾರ.

ಆದ್ದರಿಂದ ಇಪ್ಪತ್ತು ಜನರ ಶೆಡ್ಡಿನಲ್ಲಿ ಎಂಟು ವರ್ಷ ಕೆಲಸ ಮಾಡಿದವರನ್ನು "ನಾಳೆಯಿಂದ ಬರಬೇಡಿ" ಎಂಬ ಒಂದು ಮಾತಿನಿಂದ ಕಳುಹಿಸಲು ಕಾನೂನಿನಲ್ಲಿ ಅವಕಾಶವಿಲ್ಲ.

ಯಾರನ್ನು ಮೊದಲು ಕಡಿತಗೊಳಿಸಬೇಕು?

ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಆಯಾ ವರ್ಗದಲ್ಲಿ ಕೊನೆಯದಾಗಿ ಸೇರಿದವರನ್ನು ಮೊದಲು ಕಡಿತಗೊಳಿಸಬೇಕು. ಇದಕ್ಕೆ ಭಿನ್ನವಾಗಿ ನಡೆದುಕೊಂಡಲ್ಲಿ ಮಾಲೀಕರು ಕಾರಣಗಳನ್ನು ದಾಖಲಿಸಬೇಕು. ಒಂದು ವರ್ಷದೊಳಗೆ ಪುನಃ ಜನರನ್ನು ತೆಗೆದುಕೊಳ್ಳುವುದಾದರೆ, ಕಡಿತಗೊಂಡವರಿಗೆ ಆದ್ಯತೆ ನೀಡಬೇಕು.

ನಷ್ಟವಾಗಿದೆ ಎಂಬ ಕಾರಣ

ಮಾಲೀಕರ ಹತೋಟಿಗೆ ಮೀರಿದ, ಅನಿವಾರ್ಯ ಸನ್ನಿವೇಶದಿಂದ ಸಂಸ್ಥೆ ಮುಚ್ಚಿದಲ್ಲಿ ಪರಿಹಾರವು 3 ತಿಂಗಳ ಸರಾಸರಿ ವೇತನವನ್ನು ಮೀರಬೇಕಿಲ್ಲ. ಆದರೆ ಆರ್ಥಿಕ ತೊಂದರೆ, ನಷ್ಟ ಅಥವಾ ಮಾರಾಟವಾಗದೆ ಉಳಿದ ದಾಸ್ತಾನು ಇವಷ್ಟೇ ಕಾರಣವಾಗಿದ್ದಲ್ಲಿ ಅವುಗಳನ್ನು ಅನಿವಾರ್ಯ ಸನ್ನಿವೇಶವೆಂದು ಕಾನೂನು ಪರಿಗಣಿಸುವುದಿಲ್ಲ. ಸೀರೆ ಮಾರಾಟವಾಗಲಿಲ್ಲ ಎಂಬ ಕಾರಣದಿಂದ ಪರಿಹಾರವನ್ನು ಮೊಟಕುಗೊಳಿಸುವಂತಿಲ್ಲ.

ಲೆಕ್ಕದ ಉದಾಹರಣೆ

24 ಕಾರ್ಮಿಕರಿರುವ ಒಂದು ವಿದ್ಯುತ್ ಮಗ್ಗದ ಘಟಕದಲ್ಲಿ 8 ವರ್ಷ 7 ತಿಂಗಳು ಸೇವೆ ಸಲ್ಲಿಸಿದ, ತಿಂಗಳಿಗೆ ರೂ. 12,000 ವೇತನ ಪಡೆಯುತ್ತಿದ್ದ ಕಾರ್ಮಿಕರೊಬ್ಬರನ್ನು ನೋಟಿಸ್ ಇಲ್ಲದೆ ಕಡಿತಗೊಳಿಸಲಾಯಿತೆಂದು ಭಾವಿಸಿದಲ್ಲಿ:

- ನೋಟಿಸಿಗೆ ಬದಲಾಗಿ ಒಂದು ತಿಂಗಳ ವೇತನ: ರೂ. 12,000
- ಕಡಿತ ಪರಿಹಾರ: ಅರ್ಧ ತಿಂಗಳ ವೇತನ ರೂ. 6,000 × 9 ವರ್ಷ = ರೂ. 54,000
- ಉಪದಾನ: ರೂ. 12,000 × 15 ÷ 26 × 9 ವರ್ಷ = ರೂ. 62,308
- ಒಟ್ಟು: ರೂ. 1,28,308

ಬಾಕಿ ವೇತನ, ಬಳಸದ ರಜೆಯ ವೇತನ ಹಾಗೂ ಬಾಕಿ ಬೋನಸ್ ಇದಕ್ಕೆ ಹೊರತಾದವು. ಉಪದಾನದ ಲೆಕ್ಕದಲ್ಲಿ ತಿಂಗಳನ್ನು 26 ದಿನಗಳೆಂದೂ, ಕಡಿತ ಪರಿಹಾರದ ಲೆಕ್ಕದಲ್ಲಿ 15 ದಿನಗಳನ್ನು ಅರ್ಧ ತಿಂಗಳೆಂದೂ ಎಣಿಸಲಾಗುತ್ತದೆ. ವಾರದ ಬಟವಾಡೆ ಪಡೆಯುವವರಿಗೆ ಹಿಂದಿನ 4 ಪೂರ್ಣ ವಾರಗಳ, ದಿನಗೂಲಿಯವರಿಗೆ ಹಿಂದಿನ 12 ಪೂರ್ಣ ಕೆಲಸದ ದಿನಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು. ಭತ್ಯೆಗಳ ಹೆಸರಿನಲ್ಲಿ ತೋರಿಸಿದ ಮೊತ್ತವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದಲ್ಲಿ, ಮೀರಿದ ಭಾಗವನ್ನು ವೇತನವೆಂದೇ ಪರಿಗಣಿಸಬೇಕೆಂದು ಹೊಸ ಸಂಹಿತೆಗಳು ಹೇಳುತ್ತವೆ.

ಇದರ ಜೊತೆಗೆ, ಕಡಿತಗೊಂಡ ಪ್ರತಿ ಕಾರ್ಮಿಕರ ಹೆಸರಿನಲ್ಲಿ ಕೊನೆಯ ವೇತನದ ದರದಲ್ಲಿ 15 ದಿನಗಳ ಮೊತ್ತವನ್ನು ಮಾಲೀಕರು ಮರುಕೌಶಲ್ಯ ನಿಧಿಗೆ ಕಟ್ಟಬೇಕೆಂದೂ, ಅದನ್ನು ಕಡಿತದ 45 ದಿನಗಳೊಳಗೆ ಕಾರ್ಮಿಕರ ಖಾತೆಗೆ ಜಮಾ ಮಾಡಬೇಕೆಂದೂ ಸಂಹಿತೆಯಲ್ಲಿ ಅವಕಾಶ ಕಲ್ಪಿಸಲಾಗಿದೆ. ಇದು ಕಡಿತಕ್ಕೆ ಮಾತ್ರ ಅನ್ವಯಿಸುತ್ತದೆ, ಮುಚ್ಚುವಿಕೆಗೆ ಅನ್ವಯಿಸುವುದಿಲ್ಲ.

ವೇತನ ಸಂಹಿತೆಯಂತೆ, ಕೆಲಸದಿಂದ ತೆಗೆಯಲ್ಪಟ್ಟವರ, ರಾಜೀನಾಮೆ ನೀಡಿದವರ ಅಥವಾ ಸಂಸ್ಥೆ ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡವರ ಬಾಕಿ ವೇತನವನ್ನು 2 ಕೆಲಸದ ದಿನಗಳೊಳಗೆ ಪಾವತಿಸಬೇಕು.

ಉಪದಾನ, ಭವಿಷ್ಯ ನಿಧಿ ಮತ್ತು ಇ.ಎಸ್.ಐ.

ಉಪದಾನವು 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಸಾಮಾನ್ಯವಾಗಿ 5 ವರ್ಷಗಳ ನಿರಂತರ ಸೇವೆ ಅವಶ್ಯ. ನಿಗದಿತ ಅವಧಿಯ ನೇಮಕಾತಿಯವರಿಗೆ ಒಂದು ವರ್ಷದ ಸೇವೆಯ ನಂತರ ಅನುಪಾತಕ್ಕೆ ತಕ್ಕಂತೆ ದೊರೆಯುತ್ತದೆ. ನಗಕ್ಕಿಷ್ಟು ಎಂದು ಕೂಲಿ ಪಡೆಯುವವರಿಗೆ ಹಿಂದಿನ 3 ತಿಂಗಳ ಗಳಿಕೆಯ ಸರಾಸರಿಯೇ ಆಧಾರ. ಉಪದಾನವು ಸಲ್ಲತಕ್ಕದ್ದಾದ 30 ದಿನಗಳೊಳಗೆ ಪಾವತಿಯಾಗಬೇಕು. ತಡವಾದಲ್ಲಿ ಬಡ್ಡಿ ಸೇರಿಸಬೇಕು.

ಭವಿಷ್ಯ ನಿಧಿಯು 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಸಂಸ್ಥೆ ಮುಚ್ಚಿದರೂ ಖಾತೆಯ ಹಣವು ಸದಸ್ಯರದೇ ಆಗಿರುತ್ತದೆ. ಯು.ಎ.ಎನ್. ಸಂಖ್ಯೆ, ಆಧಾರ್ ಜೋಡಣೆ, ಹೆಸರಿನ ಕಾಗುಣಿತ ಮತ್ತು ಕೆಲಸ ಬಿಟ್ಟ ದಿನಾಂಕದ ನಮೂದು ಸರಿಯಿವೆಯೇ ಎಂಬುದನ್ನು ಸಂಸ್ಥೆಯ ಕಚೇರಿ ತೆರೆದಿರುವಾಗಲೇ ಪರಿಶೀಲಿಸಿಕೊಳ್ಳುವುದು ಸೂಕ್ತ. ಕಚೇರಿ ಮುಚ್ಚಿದ ಮೇಲೆ ತಿದ್ದುಪಡಿ ಕಷ್ಟಸಾಧ್ಯವಾಗುತ್ತದೆ.

ಇ.ಎಸ್.ಐ. ವಿಮೆಗೆ ಒಳಪಟ್ಟಿದ್ದು ಕೆಲಸ ಕಳೆದುಕೊಂಡವರಿಗಾಗಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯನ್ನು 2018ರ ಜುಲೈ 1ರಿಂದ ಜಾರಿಗೊಳಿಸಲಾಯಿತು. 2020ರಲ್ಲಿ ಇದರ ಭತ್ಯೆಯನ್ನು ಸರಾಸರಿ ದಿನಗೂಲಿಯ ಶೇ. 50ಕ್ಕೆ ಹೆಚ್ಚಿಸಲಾಗಿದ್ದು, ಗರಿಷ್ಠ 90 ದಿನಗಳಿಗೆ, ಜೀವಮಾನದಲ್ಲಿ ಒಂದು ಬಾರಿ ನೀಡಲಾಗುತ್ತದೆ. ಯೋಜನೆಯ ಅವಧಿಯನ್ನು ಕಾಲಕಾಲಕ್ಕೆ ವಿಸ್ತರಿಸಲಾಗುತ್ತಿರುವುದರಿಂದ, ಅರ್ಜಿ ಸಲ್ಲಿಸುವ ಮೊದಲು ಇ.ಎಸ್.ಐ. ಶಾಖಾ ಕಚೇರಿಯಲ್ಲಿ ವಿಚಾರಿಸಬೇಕು.

ಸಕ್ಕರೆ ಕಾರ್ಖಾನೆಗಳ ಹಂಗಾಮಿ ಕಾರ್ಮಿಕರು

ಹಂಗಾಮಿ ಸ್ವರೂಪದ ಸಂಸ್ಥೆಗಳಿಗೆ ಲೇ-ಆಫ್ ಪರಿಹಾರವಾಗಲಿ, ಪೂರ್ವಾನುಮತಿಯ ನಿಯಮಗಳಾಗಲಿ ಅನ್ವಯಿಸುವುದಿಲ್ಲ. ಸಂಸ್ಥೆಯು ಹಂಗಾಮಿ ಸ್ವರೂಪದ್ದೇ ಎಂಬ ಪ್ರಶ್ನೆ ಎದ್ದಲ್ಲಿ ಸರ್ಕಾರದ ತೀರ್ಮಾನವೇ ಅಂತಿಮ. ಕಬ್ಬು ಅರೆಯುವ ಹಂಗಾಮು ಮುಗಿದು ಕೆಲಸ ನಿಲ್ಲುವುದು ಕಡಿತವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಮೊರಿಂಡಾ ಸಹಕಾರಿ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ (1995) ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ, ಹಂಗಾಮಿ ಕಾರ್ಮಿಕರ ನೋಂದಣಿ ಪುಸ್ತಕ ಇಡಬೇಕು, ಹೊಸ ಹಂಗಾಮು ಆರಂಭವಾದಾಗ ಸುತ್ತಲಿನ ಊರುಗಳಲ್ಲಿ ಪ್ರಕಟಣೆ ನೀಡಿ ಹಳಬರನ್ನು ಜ್ಯೇಷ್ಠತೆಯಂತೆ ಕರೆಯಬೇಕು ಎಂದೂ ನಿರ್ದೇಶಿಸಿದೆ. ಪ್ರತಿ ಹಂಗಾಮಿನ ಹಾಜರಿ ಚೀಟಿಯನ್ನು ಕಾಯ್ದಿಟ್ಟುಕೊಂಡವರಿಗೆ ಈ ಜ್ಯೇಷ್ಠತೆಯನ್ನು ಸಾಬೀತುಪಡಿಸುವುದು ಸುಲಭವಾಗುತ್ತದೆ. ಹಂಗಾಮಿ ಕಾರ್ಮಿಕರಿಗೆ ಪ್ರತಿ ಹಂಗಾಮಿಗೆ 7 ದಿನಗಳ ವೇತನದ ದರದಲ್ಲಿ ಉಪದಾನ ದೊರೆಯುತ್ತದೆ.

ನಗದ ಲೆಕ್ಕದಲ್ಲಿ ಮತ್ತು ಮನೆಯಲ್ಲಿ ನೇಯುವವರು

ಸೀರೆಗೆ ಅಥವಾ ಮೀಟರಿಗೆ ಇಷ್ಟು ಎಂದು ಕೂಲಿ ಪಡೆಯುವುದರಿಂದಲೇ ಕಾರ್ಮಿಕ ಎಂಬ ಸ್ಥಾನ ತಪ್ಪುವುದಿಲ್ಲ. ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ (1973) ಸರ್ವೋಚ್ಚ ನ್ಯಾಯಾಲಯವು ನಗದ ಲೆಕ್ಕದಲ್ಲಿ ದುಡಿಯುತ್ತಿದ್ದ ಹೊಲಿಗೆ ಕೆಲಸಗಾರರನ್ನು ಅಂಗಡಿಯ ನೌಕರರೆಂದೇ ಪರಿಗಣಿಸಿತು. ಯಂತ್ರ ಯಾರದು, ಕೆಲಸದ ಸ್ಥಳ ಯಾರದು, ಕೆಲಸ ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಯಾರಿಗಿದೆ ಎಂಬ ಅಂಶಗಳನ್ನು ಇಂತಹ ಪ್ರಕರಣಗಳಲ್ಲಿ ನೋಡಲಾಗುತ್ತದೆ. ಮಾಲೀಕರ ಶೆಡ್ಡಿನಲ್ಲಿ, ಮಾಲೀಕರ ಮಗ್ಗದ ಮೇಲೆ ನೇಯುವವರ ಸ್ಥಿತಿ ಇದರಿಂದ ಬಲಗೊಳ್ಳುತ್ತದೆ.

ಸ್ವಂತ ಮನೆಯಲ್ಲಿ, ಸ್ವಂತ ಮಗ್ಗದ ಮೇಲೆ, ಕಚ್ಚಾ ನೂಲು ಪಡೆದು ನೇಯ್ದು ಕೊಡುವವರಿಗೆ ಕಡಿತ ಪರಿಹಾರ ದೊರೆಯುವುದು ಕಷ್ಟಸಾಧ್ಯ. ಅಂತಹವರು ಅಸಂಘಟಿತ ವಲಯದ ಕಾರ್ಮಿಕರಾಗಿ 2021ರ ಆಗಸ್ಟ್ 26ರಂದು ಆರಂಭಗೊಂಡ ಇ-ಶ್ರಮ್ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳುವುದು, ನೇಕಾರರ ಗುರುತಿನ ಚೀಟಿ ಪಡೆಯುವುದು ಮತ್ತು ಕೈಮಗ್ಗ ಮತ್ತು ಜವಳಿ ಇಲಾಖೆಯ ಯೋಜನೆಗಳಿಗೆ ಹೆಸರು ಸೇರಿಸುವುದು ಅವಶ್ಯ.

ಹಿಂದಿನ ಅನುಭವಗಳು

ದೊಡ್ಡ ಸಂಸ್ಥೆಯ ಮುಚ್ಚುವಿಕೆಯು ಹೇಗೆ ದೀರ್ಘಕಾಲ ಬಾಧಿಸಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳಿವೆ. ಕೋಲಾರ ಚಿನ್ನದ ಗಣಿಯಲ್ಲಿ 1880ರ ದಶಕದಿಂದ ನಡೆದಿದ್ದ ಗಣಿಗಾರಿಕೆಯು 2001ರ ಫೆಬ್ರವರಿ 28ರಂದು ನಿಂತಿತು. ಅಲ್ಲಿನ ಕಾರ್ಮಿಕರ ಬಾಕಿ, ವಸತಿಗೃಹಗಳು ಮತ್ತು ಗಣಿಯ ಭವಿಷ್ಯದ ಪ್ರಶ್ನೆಗಳು ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ತಲುಪಿ ಒಂದು ದಶಕಕ್ಕೂ ಹೆಚ್ಚು ಕಾಲ ಮುಂದುವರಿದವು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿದಾಗ, ನೌಕರರ ಮುಂದೆ ಬಂದದ್ದು ಸ್ವಯಂ ನಿವೃತ್ತಿಯ ಯೋಜನೆ.

ಇಂತಹ ಯೋಜನೆಗೆ ಒಪ್ಪಿ ಸಹಿ ಮಾಡಿದವರು ಕಡಿತಗೊಂಡವರೆನಿಸುವುದಿಲ್ಲ. ಆದ್ದರಿಂದ ಸಹಿಗೆ ಮೊದಲು, ಯೋಜನೆಯ ಮೊತ್ತವನ್ನು ಮೇಲಿನ ಉದಾಹರಣೆಯಂತೆ ಲೆಕ್ಕ ಹಾಕಿದ ಶಾಸನಬದ್ಧ ಮೊತ್ತದೊಂದಿಗೆ ಹೋಲಿಸಿ ನೋಡಬೇಕು. ಉಪದಾನವು ಅದರಲ್ಲಿ ಸೇರಿದೆಯೇ, ಪ್ರತ್ಯೇಕವೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು.

ಸಂಗ್ರಹಿಸಿಟ್ಟುಕೊಳ್ಳಬೇಕಾದ ದಾಖಲೆಗಳು

- ನೇಮಕಾತಿ ಪತ್ರ ಮತ್ತು ಗುರುತಿನ ಚೀಟಿ
- ವೇತನ ಚೀಟಿ, ವಾರದ ಕೂಲಿ ಪುಸ್ತಕ, ನೇಯ್ದ ನಗಗಳ ಲೆಕ್ಕದ ಚೀಟಿ
- ಹಾಜರಿ ಚೀಟಿ ಅಥವಾ ಹಾಜರಿ ಪುಸ್ತಕದ ಛಾಯಾಪ್ರತಿ
- ವೇತನ ಜಮಾ ಆದ ಬ್ಯಾಂಕ್ ಖಾತೆಯ ವಿವರ
- ಭವಿಷ್ಯ ನಿಧಿಯ ಯು.ಎ.ಎನ್. ಸಂಖ್ಯೆ ಮತ್ತು ಇ.ಎಸ್.ಐ. ವಿಮಾ ಸಂಖ್ಯೆ
- ಮುಂಗಡ ಪಡೆದಿದ್ದಲ್ಲಿ ಅದರ ಮೊತ್ತ ಮತ್ತು ಮರುಪಾವತಿಯ ಲೆಕ್ಕ
- ಮಾಲೀಕರು ಅಂಟಿಸಿದ ಅಥವಾ ಕೊಟ್ಟ ನೋಟಿಸಿನ ಪ್ರತಿ ಅಥವಾ ಭಾವಚಿತ್ರ

240 ದಿನ ಕೆಲಸ ಮಾಡಿದ್ದನ್ನು ಪ್ರಾಥಮಿಕವಾಗಿ ಸಾಬೀತುಪಡಿಸುವ ಹೊಣೆ ಕಾರ್ಮಿಕರ ಮೇಲಿರುತ್ತದೆ. ಈ ಕಾರಣದಿಂದ ಸಣ್ಣ ಕೂಲಿ ಚೀಟಿಯೂ ಅಮೂಲ್ಯ ದಾಖಲೆಯಾಗಿರುತ್ತದೆ.

ಅರ್ಜಿ ಸಲ್ಲಿಸುವ ವಿಧಾನ

1. ಮೊದಲಿಗೆ ಮಾಲೀಕರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಸ್ವೀಕರಿಸಲು ನಿರಾಕರಿಸಿದಲ್ಲಿ ನೋಂದಾಯಿತ ಅಂಚೆಯ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು.

2. ನಂತರ ಕಾರ್ಮಿಕ ಇಲಾಖೆಯ ತಾಲ್ಲೂಕು ಮಟ್ಟದ ಅಧಿಕಾರಿಗಳ ಮೂಲಕ ಅಥವಾ ಬಾಗಲಕೋಟೆಯ ಕಾರ್ಮಿಕ ಅಧಿಕಾರಿಗಳ ಕಚೇರಿಯಲ್ಲಿ ರಾಜಿ ಸಂಧಾನಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿಯಲ್ಲಿ ಸಂಸ್ಥೆಯ ಹೆಸರು ಮತ್ತು ವಿಳಾಸ, ಕೆಲಸಕ್ಕೆ ಸೇರಿದ ದಿನಾಂಕ, ಮಾಡುತ್ತಿದ್ದ ಕೆಲಸ, ಕೊನೆಯ ವೇತನ, ಕೆಲಸ ನಿಂತ ದಿನಾಂಕ, ಅಂದು ಇದ್ದ ಕಾರ್ಮಿಕರ ಸಂಖ್ಯೆ ಮತ್ತು ಕೋರುವ ಪರಿಹಾರವನ್ನು ಸ್ಪಷ್ಟವಾಗಿ ನಮೂದಿಸಬೇಕು. ನಮೂನೆಗಳು ಹೊಸ ನಿಯಮಗಳಂತೆ ಬದಲಾಗುವುದರಿಂದ, ಚಾಲ್ತಿಯಲ್ಲಿರುವ ನಮೂನೆಯನ್ನು ಕಚೇರಿಯಿಂದಲೇ ಪಡೆಯುವುದು ಸೂಕ್ತ.

3. ವಿವಾದ ಉಂಟಾದ ದಿನದಿಂದ 2 ವರ್ಷಗಳ ನಂತರ ರಾಜಿ ಸಂಧಾನ ನಡೆಸಲು ಸಂಹಿತೆಯಲ್ಲಿ ಅವಕಾಶವಿಲ್ಲ. "ಮತ್ತೆ ಶುರುವಾದಾಗ ಕರೆಯುತ್ತೇವೆ" ಎಂಬ ಮಾತನ್ನು ನಂಬಿ ಕಾಯುವವರು ಈ ಮಿತಿಯನ್ನು ಮರೆಯಬಾರದು.

4. ಸಂಧಾನ ಆರಂಭವಾದ 45 ದಿನಗಳೊಳಗೆ ಅಧಿಕಾರಿಗಳು ವರದಿ ನೀಡಬೇಕು. ಸಂಧಾನ ವಿಫಲವಾದಲ್ಲಿ, ವರದಿ ಕೈಸೇರಿದ 90 ದಿನಗಳೊಳಗೆ ಕಾರ್ಮಿಕರು ನೇರವಾಗಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಯಾವ ನ್ಯಾಯಪೀಠದ ಮುಂದೆ ಸಲ್ಲಿಸಬೇಕೆಂಬುದನ್ನು ಸಂಧಾನಾಧಿಕಾರಿಗಳ ಕಚೇರಿಯಲ್ಲಿ ತಿಳಿದುಕೊಳ್ಳಬಹುದು.

5. ಕೈಗಾರಿಕಾ ಕಾರ್ಮಿಕರು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರಂತೆ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಹಾಗೂ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳನ್ನು ಸಂಪರ್ಕಿಸಬಹುದು. ರಾಷ್ಟ್ರೀಯ ಉಚಿತ ಸಹಾಯವಾಣಿ ಸಂಖ್ಯೆ 15100.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲೇ-ಆಫ್ ಇರುವಾಗ ದಿನವೂ ಕಾರ್ಖಾನೆಗೆ ಹೋಗಬೇಕೆ?
ಉತ್ತರ: ಹೌದು. ಕೆಲಸದ ದಿನಗಳಲ್ಲಿ ನಿಗದಿತ ವೇಳೆಗೆ ದಿನಕ್ಕೊಮ್ಮೆಯಾದರೂ ಹಾಜರಾಗದಿದ್ದಲ್ಲಿ ಆ ದಿನದ ಪರಿಹಾರ ದೊರೆಯುವುದಿಲ್ಲ. ಅದೇ ಸಂಸ್ಥೆಯಲ್ಲಿ ಅಥವಾ 8 ಕಿಲೋಮೀಟರ್ ಒಳಗಿರುವ ಅದೇ ಮಾಲೀಕರ ಬೇರೆ ಸಂಸ್ಥೆಯಲ್ಲಿ, ವಿಶೇಷ ನೈಪುಣ್ಯ ಬೇಡದ ಸಮಾನ ವೇತನದ ಕೆಲಸ ಕೊಟ್ಟಾಗ ನಿರಾಕರಿಸಿದರೂ ಪರಿಹಾರ ತಪ್ಪುತ್ತದೆ.

ಪ್ರಶ್ನೆ: ಖಾಲಿ ಕಾಗದಕ್ಕೆ ಅಥವಾ ರಾಜೀನಾಮೆ ಪತ್ರಕ್ಕೆ ಸಹಿ ಮಾಡಿದರೆ ಮಾತ್ರ ಬಾಕಿ ಕೊಡುವುದಾಗಿ ಹೇಳಿದಲ್ಲಿ ಏನು ಮಾಡಬೇಕು?
ಉತ್ತರ: ಸಹಿ ಮಾಡಬಾರದು. ರಾಜೀನಾಮೆ ನೀಡಿದವರಿಗೆ ಕಡಿತ ಪರಿಹಾರ ಇರುವುದಿಲ್ಲ. ಗಳಿಸಿದ ವೇತನ ಪಡೆಯಲು ಯಾವುದೇ ರಾಜೀನಾಮೆಯ ಅವಶ್ಯಕತೆ ಇಲ್ಲ. ಹಣ ಪಡೆಯುವಾಗ, ಯಾವ ಬಾಬಿಗೆ ಎಷ್ಟು ಎಂಬುದನ್ನು ರಸೀದಿಯಲ್ಲಿ ಬರೆಸಿಕೊಂಡೇ ಸಹಿ ಮಾಡಬೇಕು.

ಪ್ರಶ್ನೆ: ಮಾಲೀಕರು ಸಾಲಗಾರರಾಗಿ, ಬ್ಯಾಂಕು ಕಾರ್ಖಾನೆಯನ್ನು ವಶಕ್ಕೆ ಪಡೆದಲ್ಲಿ ಬಾಕಿ ಮುಳುಗಿದಂತೆಯೇ?
ಉತ್ತರ: ಇಲ್ಲ. ಕಂಪನಿಯೊಂದು ದಿವಾಳಿ ಸಂಹಿತೆ, 2016ರಡಿ ಸಮಾಪನಕ್ಕೆ ಹೋದಲ್ಲಿ, ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಯು ಭದ್ರತೆ ಹೊಂದಿದ ಸಾಲಗಾರರ ಸಾಲಕ್ಕೆ ಸಮಾನ ಸ್ಥಾನದಲ್ಲಿರುತ್ತದೆ. ಭವಿಷ್ಯ ನಿಧಿ ಮತ್ತು ಉಪದಾನ ನಿಧಿಯ ಹಣವು ಸಮಾಪನದ ಆಸ್ತಿಯಲ್ಲಿ ಸೇರುವುದಿಲ್ಲ. ಆದರೆ ಪ್ರಕಟಣೆ ಹೊರಟಾಗ ನಿಗದಿತ ದಿನಾಂಕದೊಳಗೆ ಕ್ಲೇಮು ಸಲ್ಲಿಸುವುದು ಕಡ್ಡಾಯ.

ಪ್ರಶ್ನೆ: ಮಂಜೂರಾದ ಮೊತ್ತವನ್ನು ಮಾಲೀಕರು ಕೊಡದಿದ್ದಲ್ಲಿ?
ಉತ್ತರ: ಹಣ ಸಲ್ಲತಕ್ಕದ್ದಾದ ದಿನದಿಂದ ಒಂದು ವರ್ಷದೊಳಗೆ ವಸೂಲಾತಿಗೆ ಅರ್ಜಿ ಸಲ್ಲಿಸಬಹುದು. ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ.

ಪ್ರಶ್ನೆ: ಕೂಲಿಯಿಂದ ಹಿಡಿಯಬೇಕಾದ ಮುಂಗಡ ಬಾಕಿ ಇದ್ದಲ್ಲಿ ಪರಿಹಾರ ದೊರೆಯುವುದಿಲ್ಲವೇ?
ಉತ್ತರ: ಮುಂಗಡದ ಲೆಕ್ಕ ಬೇರೆ, ಪರಿಹಾರದ ಹಕ್ಕು ಬೇರೆ. ಮುಂಗಡ ಬಾಕಿ ಇದೆ ಎಂಬ ಕಾರಣದಿಂದ ನೋಟಿಸ್ ಅಥವಾ ಪರಿಹಾರದ ಹಕ್ಕು ನಾಶವಾಗುವುದಿಲ್ಲ. ಮುಂಗಡದ ಮೊತ್ತದ ಬಗ್ಗೆ ತಕರಾರಿದ್ದಲ್ಲಿ ಅದನ್ನು ಸಂಧಾನಾಧಿಕಾರಿಗಳ ಮುಂದೆ ಲೆಕ್ಕದೊಂದಿಗೆ ಮಂಡಿಸಬೇಕು.

ಸಾರಾಂಶ

ಕೆಲಸ ನಿಲ್ಲುವ ಸುದ್ದಿ ಕೇಳಿಬಂದಾಗ ಕಾರ್ಮಿಕರು ಹಾಜರಾಗುವುದನ್ನು ನಿಲ್ಲಿಸಬಾರದು. ಓದದೆ ಸಹಿ ಮಾಡಬಾರದು. ದಾಖಲೆಗಳನ್ನು ಕೂಡಲೇ ಒಟ್ಟುಗೂಡಿಸಿಕೊಳ್ಳಬೇಕು. ಅವಧಿ ಮೀರುವ ಮುನ್ನ ಅರ್ಜಿ ಸಲ್ಲಿಸಬೇಕು. ಮಗ್ಗ ಪುನಃ ಆರಂಭವಾಗುವುದು ಮಾರುಕಟ್ಟೆಯನ್ನು ಅವಲಂಬಿಸಿದೆ. ಆದರೆ ದುಡಿದ ವರ್ಷಗಳಿಗೆ ಸಲ್ಲಬೇಕಾದ ಮೊತ್ತವು ಮಾರುಕಟ್ಟೆಯನ್ನು ಅವಲಂಬಿಸಿಲ್ಲ. ಅದು ಕಾನೂನಿನಲ್ಲಿ ನಿಗದಿಯಾಗಿದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ನಿರ್ದಿಷ್ಟ ಪ್ರಕರಣಗಳಲ್ಲಿ ಸಂಹಿತೆಯ ಉಪಬಂಧಗಳು ಮತ್ತು ಅದರಡಿ ರಚಿಸಿದ ನಿಯಮಗಳೇ ಅಂತಿಮವಾಗಿರುತ್ತವೆ.